ಹಳೆಯ ಸಿನಿಮಾಗಳನ್ನೂ ನೋಡೋಣ

ಮಾನ್ಯ ಸಂಪಾದಕರೇ,

ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆಗೆ ತೋಟದ ಕೆಲಸ ನಿಂತಾಗ ಎಲ್ಲರೂ ಹೊಸ ಸಿನಿಮಾವನ್ನೇ ಹುಡುಕುತ್ತೇವೆ. ಬಾಡಿಗೆ ಕೊಟ್ಟು ನೋಡುವಂಥ ಹಳೆಯವೂ ಇವೆ. ಮೊನ್ನೆ ಗಿರೀಶ ಕಾಸರವಳ್ಳಿಯವರ ‘ತಬರನ ಕಥೆ’ (1987) ನೋಡಿದೆವು. ಪೂರ್ಣಚಂದ್ರ ತೇಜಸ್ವಿಯವರ ಕಥೆ. ಪಿಂಚಣಿಗಾಗಿ ಅಲೆದು ಅಲೆದು ಸೋಲುವ ತಬರ, ಅತ್ತ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಹೆಂಡತಿ. ತಬರನ ಪಾತ್ರದಲ್ಲಿ ಚಾರುಹಾಸನ್ ನಟಿಸುತ್ತಿದ್ದಾರೆ ಅನ್ನಿಸುವುದೇ ಇಲ್ಲ. ನಮ್ಮತ್ತೆ ಕಣ್ಣೊರೆಸಿಕೊಂಡರು. ಅವರೂ ಪಿಂಚಣಿಗೆ ಓಡಾಡಿದವರು. ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಪಡೆದ ಚಿತ್ರವಿದು, ಮಕ್ಕಳಿಗೆ ಹೆಸರೂ ಗೊತ್ತಿಲ್ಲ! ಗಿರೀಶ ಕಾರ್ನಾಡರ ‘ಕಾಡು’ (1973) ಕೂಡ ಬಿಡಬೇಡಿ. ಎರಡು ಊರುಗಳ ಜಗಳವನ್ನು ಪುಟ್ಟ ಹುಡುಗನೊಬ್ಬನ ಕಣ್ಣಲ್ಲಿ ತೋರಿಸಿದ್ದಾರೆ. ಸೋಮವಾರಪೇಟೆ, ವಿರಾಜಪೇಟೆಯ ಗ್ರಂಥಾಲಯಗಳಲ್ಲಿ ಇಂಥ ಡಿವಿಡಿಗಳನ್ನು ಬಾಡಿಗೆಗೆ ಇಟ್ಟರೆ ಎಷ್ಟು ಚೆನ್ನ, ಅಲ್ವಾ?

– ಓದುಗರೊಬ್ಬರು, ಮಡಿಕೇರಿ