ಕ್ಲಾಸಿನಲ್ಲಿ ಸೀಟು ಸಿಕ್ಕಿತು, ಹಡಗಿನಲ್ಲಿ ಜಾಗ ಎಲ್ಲಿ? ಸಂಸದರಿಗೊಂದು ಬಹಿರಂಗ ಪತ್ರ

ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಮಾನ್ಯ ಸಂಸದರಿಗೆ,

ನಮಸ್ಕಾರ ಸರ್.

ನಾನು ಮಲ್ಪೆ ಕಡೆಯವನು. ಈಗ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಾಟಿಕಲ್ ಸೈನ್ಸ್, ಅಂದರೆ ಹಡಗು ನಡೆಸುವ ವಿದ್ಯೆ ಓದುತ್ತಿದ್ದೇನೆ. ನಮ್ಮಂಥವರಿಗೆ ಓದಿನ ಜೊತೆ ಬೇಕಾದ ಹಡಗಿನ ತರಬೇತಿಗೆ ಜಾಗ ಸಿಗುತ್ತಿಲ್ಲ, ಅದಕ್ಕೇ ಈ ಪತ್ರ. ಇದು ರಾಜ್ಯದ ಬಂದರು ಸಚಿವರಿಗೆ ಹೋಗಬೇಕಿತ್ತಲ್ವಾ ಅಂತ ನಿಮ್ಮ ಕಚೇರಿಯವರು ಕೇಳಬಹುದು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 25ನೇ ನಮೂದು ನೋಡಿ. ವ್ಯಾಪಾರಿ ಹಡಗಿಗೆ ಬೇಕಾದ ಶಿಕ್ಷಣ, ತರಬೇತಿ ಎಲ್ಲ ಅಲ್ಲಿದೆ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಓದಿನ ಬಗ್ಗೆ ದೂರಿಲ್ಲ. ಚಾರ್ಟಿನ ಮೇಲೆ ಪೆನ್ಸಿಲಿನಲ್ಲಿ ಕೋರ್ಸ್ ಎಳೆಯುತ್ತೇವೆ. ಸೆಕ್ಸ್ಟೆಂಟ್ ಹಿಡಿದು ಸೂರ್ಯನ ಎತ್ತರ ಅಳೆಯುತ್ತೇವೆ. ಸರಕನ್ನು ಹೇಗೆ ತುಂಬಿದರೆ ಹಡಗು ವಾಲುತ್ತದೆ ಅಂತ ಲೆಕ್ಕ ಹಾಕುತ್ತೇವೆ. ನಮ್ಮಪ್ಪ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಎರಡು ಬೋಟು ಅಡ್ಡ ಬಂದರೆ ಯಾರು ದಾರಿ ಬಿಡಬೇಕು ಅನ್ನುವುದು ಅವರಿಗೆ ಕೈಗೆ ಬಂದ ವಿದ್ಯೆ. ನನಗೋ ಅದು 1972ರ ಡಿಕ್ಕಿ ತಡೆ ನಿಯಮಗಳಲ್ಲಿ 15ನೆಯದು: ಇನ್ನೊಂದು ಹಡಗನ್ನು ತನ್ನ ಬಲಬದಿಯಲ್ಲಿ ಕಂಡವನು ದಾರಿ ಬಿಡಬೇಕು. ಪರೀಕ್ಷೆಗೆ ನಂಬರ್ ಸಮೇತ ಬಾಯಿಪಾಠ ಬರಬೇಕು.

ತೊಂದರೆ ಶುರುವಾಗುವುದು ಕ್ಲಾಸು ಮುಗಿದ ಮೇಲೆ. ಹಡಗಿನ ಅಧಿಕಾರಿಯಾಗಲು ಬರೀ ಡಿಪ್ಲೊಮಾ ಸಾಲದು, ಸಿಒಸಿ ಎಂಬ ಅರ್ಹತಾ ಪ್ರಮಾಣಪತ್ರ ಬೇಕು. ಎಸ್‌ಟಿಸಿಡಬ್ಲ್ಯೂ ಎಂಬ, ನಾವಿಕರ ತರಬೇತಿ ಕುರಿತ 1978ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಮಾನ್ಯತೆ ಇರುವ ತರಬೇತಿಯಲ್ಲಿದ್ದವನೂ ಕನಿಷ್ಠ 12 ತಿಂಗಳು ಹಡಗಿನಲ್ಲಿ ಕಳೆದಿರಬೇಕು. ಅದರಲ್ಲಿ 6 ತಿಂಗಳು ಬ್ರಿಜ್ಜಿನ ಮೇಲೆ, ಅಂದರೆ ಹಡಗು ನಡೆಸುವ ಜಾಗದಲ್ಲಿ, ವಾಚ್ (ಸರದಿ ಕಾವಲು) ಮಾಡಿರಬೇಕು. ಆ ತರಬೇತಿ ಇಲ್ಲದವನಿಗೆ 36 ತಿಂಗಳು. ಇದನ್ನೇ ನಾವು ಸೀ ಟೈಮ್ ಅನ್ನುವುದು. ಕಾಲೇಜು ಪಾಠ ಹೇಳಿಕೊಡಬಹುದು, ಹಡಗನ್ನು ಎಲ್ಲಿಂದ ತರುತ್ತದೆ?

ಇಲ್ಲಿನ, ಅಂದರೆ ಬ್ರಿಟನ್ನಿನ ಹುಡುಗರು ಸಾಮಾನ್ಯವಾಗಿ ಮೊದಲು ಶಿಪ್ಪಿಂಗ್ ಕಂಪನಿಗೆ ಸೇರುತ್ತಾರೆ. ಕಂಪನಿಯೇ ಅವರನ್ನು ಕಾಲೇಜಿಗೆ ಕಳಿಸುತ್ತದೆ, ಹಡಗನ್ನೂ ಕೊಡುತ್ತದೆ. ಅವರ ತರಬೇತಿಗೆ ಸರ್ಕಾರದ ಅನುದಾನವೂ ಇದೆ. 2000ದಲ್ಲಿ ಬಂದ, ಹಡಗಿನ ಗಾತ್ರ ನೋಡಿ ಹಾಕುವ ಟನೇಜ್ ತೆರಿಗೆಯ ಲಾಭ ಬೇಕೆನ್ನುವ ಕಂಪನಿ, 15 ಅಧಿಕಾರಿ ಹುದ್ದೆಗೆ ವರ್ಷಕ್ಕೊಬ್ಬ ಹೊಸ ಟ್ರೈನಿಯನ್ನು ತೆಗೆದುಕೊಳ್ಳಲೇಬೇಕು. ಮಲ್ಪೆಯ ಹುಡುಗನನ್ನು ತೆಗೆದುಕೊಂಡರೆ ಅದು ಆ ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ದುಡ್ಡನ್ನು ತಮ್ಮ ಮಕ್ಕಳಿಗೆ ಖರ್ಚು ಮಾಡುತ್ತಾರೆ, ಅದರಲ್ಲಿ ತಪ್ಪೇನಿದೆ? ಆದರೆ ಊರಲ್ಲಿ ಸೀಟು ಮಾಡಿಸಿಕೊಟ್ಟ ಏಜೆಂಟ್ ಇದನ್ನೆಲ್ಲ ಹೇಳಲಿಲ್ಲ. ‘ಸೀ ಟೈಮ್ ಆಗುತ್ತೆ ಬಿಡಿ, ಮಾಡಿಸಿಕೊಡೋಣ’ ಅಂದರು, ಅಷ್ಟೇ. ಮನೆ ಪತ್ರ ಈಗ ಬ್ಯಾಂಕಿನಲ್ಲಿದೆ. ಕಂಪನಿಯೇ ಖರ್ಚು ಹಾಕಿ ಕಳಿಸಿದ ಭಾರತದ ಹುಡುಗರ ಕಥೆ ಬೇರೆ, ಅವರಿಗೆ ಈ ಚಿಂತೆ ಇಲ್ಲ.

ಇಲ್ಲೊಂದು ಸಂದು ಇದೆ ಸರ್. ಹಡಗಿಗೆ ಜನ ಸೇರಿಸುವವರಿಗೆ ನಮ್ಮಲ್ಲಿ ಆರ್‌ಪಿಎಸ್‌ಎಲ್ ಲೈಸೆನ್ಸ್ ಬೇಕು. 2016ರ ನಿಯಮದಂತೆ ಅವರು ನಾವಿಕನಿಂದ ಕಮಿಷನ್ ಕೀಳುವಂತಿಲ್ಲ. ವಿದೇಶದ ಕಾಲೇಜಿಗೆ ಸೇರಿಸುವವರು ಹಡಗಿಗೆ ಸೇರಿಸುವವರಲ್ಲವಲ್ಲ! ಬಾಯಲ್ಲಿ ಹಡಗು ತೋರಿಸಿ, ರಸೀದಿಯಲ್ಲಿ ಅಡ್ಮಿಷನ್ ಅಂತ ಬರೆದರೆ ಮುಗಿಯಿತು. ಕೇಂದ್ರದ ವಿದೇಶ ವ್ಯಾಸಂಗದ ಸ್ಕಾಲರ್‌ಶಿಪ್ಪಾದರೂ ಇದೆಯಲ್ಲ ಅಂದರೆ, ಅದಿರುವುದು ಸ್ನಾತಕೋತ್ತರ ಪದವಿಗೆ, ಪಿಎಚ್‌ಡಿಗೆ. ನಮ್ಮ ಡಿಪ್ಲೊಮಾಕ್ಕೆ ಇಲ್ಲ.

ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಗೆ ಚೆನ್ನೈ, ಕೊಚ್ಚಿ, ಮುಂಬೈ, ಕೋಲ್ಕತ್ತ, ವಿಶಾಖಪಟ್ಟಣದಲ್ಲಿ ಕ್ಯಾಂಪಸ್ ಇದೆ. ಪಣಂಬೂರಿನಲ್ಲಿ ಇಷ್ಟು ದೊಡ್ಡ ಬಂದರು ಇಟ್ಟುಕೊಂಡ ನಮಗಿಲ್ಲ. ಅದನ್ನೂ ಕೇಳಿ, ಆದರೆ ಅದಕ್ಕೆ ವರ್ಷಗಳು ಬೇಕು. ಅದಕ್ಕಿಂತ ಮೊದಲು ಎರಡು ಕೆಲಸ ಆಗಬೇಕು.

ಒಂದು, ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರದ ಮುಂಬೈಯ ಡಿಜಿ ಶಿಪ್ಪಿಂಗ್ ಕಚೇರಿ ಕನ್ನಡದಲ್ಲಿ ಒಂದು ಪುಟ ಹಾಕಲಿ. ಯಾವ ದೇಶದ ಸಿಒಸಿ ತಂದರೆ ಭಾರತದ ಬಾವುಟದ ಹಡಗಿನಲ್ಲಿ ಕೆಲಸ ಸಿಗುತ್ತದೆ, ಯಾವುದು ತಂದರೆ ಇಲ್ಲ? ಸೀ ಟೈಮ್ ಕೊಡುತ್ತೇವೆ ಅಂತ ಬರವಣಿಗೆಯಲ್ಲಿ ಯಾರಿಂದ ಪಡೆಯಬೇಕು? ಫೀಸು ಕಟ್ಟುವ ಮೊದಲೇ ಅಪ್ಪ ಅಮ್ಮ ಇದನ್ನು ಓದುವಂತಿರಬೇಕು. ಘಟ್ಟದ ಮೇಲಿನವರಿಗೂ ಬೇಕು ಸರ್, ನಮ್ಮ ಬ್ಯಾಚಿನಲ್ಲಿ ಕೊಪ್ಪದ ಹುಡುಗನೂ ಇದ್ದಾನೆ.

ಇನ್ನೊಂದು, ಇಲ್ಲಿ ಸಿಒಸಿ ಕೊಡುವ ಬ್ರಿಟನ್ನಿನ ಮ್ಯಾರಿಟೈಮ್ ಅಂಡ್ ಕೋಸ್ಟ್‌ಗಾರ್ಡ್ ಏಜೆನ್ಸಿ ಜೊತೆ ನಮ್ಮವರು ಕೂತು ಮಾತಾಡಲಿ. ಶಿಪ್ಪಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾದ ಹಡಗುಗಳಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೆ ಒಂದಿಷ್ಟು ಜಾಗ ಇಡಲಿ. ಆ ತಿಂಗಳುಗಳು ಇಲ್ಲಿನ ಸಿಒಸಿಗೆ ಲೆಕ್ಕಕ್ಕೆ ಬರುವಂತೆ ಮಾಡಲಿ. ಪುಕ್ಕಟೆ ಕೇಳುತ್ತಿಲ್ಲ, ಕೆಡೆಟ್, ಅಂದರೆ ಹಡಗಿನ ಟ್ರೈನಿ, ಕೆಲಸ ಮಾಡುವವನೇ.

ಸಾಧ್ಯವಾದರೆ ಲೋಕಸಭೆಯಲ್ಲಿ ಇದನ್ನು ನಕ್ಷತ್ರ ಗುರುತಿನ ಪ್ರಶ್ನೆಯಾಗಿಯೇ ಕೇಳಿ. ಲಿಖಿತ ಉತ್ತರ ಮಾತ್ರ ಬಂದರೆ ಅಲ್ಲಿಗೇ ಮುಗಿಯುತ್ತದೆ. ನಕ್ಷತ್ರ ಇದ್ದರೆ ಸಚಿವರನ್ನು ಎದುರಿಗೇ ಮರುಪ್ರಶ್ನೆ ಕೇಳಬಹುದು. ಪ್ರಶ್ನೆಯ ಕರಡು ಬರೆದಿಟ್ಟಿದ್ದೇನೆ. ನಿಮ್ಮ ಕಚೇರಿಯವರು ಹೇಳಿದ ದಿನವೇ ಕಳಿಸುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ನಾಟಿಕಲ್ ವಿದ್ಯಾರ್ಥಿ
ಗ್ಲಾಸ್ಗೋ