ಟೀವಿಗಿಂತ ಕಸ ಹೊಡೆಯುವ ಅಕ್ಕನೇ ವಾಸಿ

ಮಾನ್ಯ ಸಂಪಾದಕರೇ,

ನಮ್ಮ ಬಾಗಲಕೋಟೆಯ ನವನಗರದಲ್ಲಿ ಸೆಕ್ಟರ್ ನಂಬರ್ ಹೇಳಿದರೆ ಆಟೋದವರು ಮನೆ ಹತ್ತಿರ ತಂದು ಇಳಿಸುತ್ತಾರೆ. ಆಲಮಟ್ಟಿ ಹಿನ್ನೀರಿಗಾಗಿ ಹಳೇ ಊರಿನ ಓಣಿ ಬಿಟ್ಟು ಬಂದವರಿಗೂ ಈ ನಂಬರ್ ರೂಢಿಯಾಗಿದೆ. ದಾರಿ ತಪ್ಪುವುದು ಕಟ್ಟಡದೊಳಗೆ ಕಾಲಿಟ್ಟ ಮೇಲೆ.

ಹೋದ ವಾರ ಎಕ್ಸ್‌ರೇ ಮಾಡಿಸಲು ಅವ್ವನನ್ನು ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದೆ. ಬಾಗಿಲಲ್ಲೇ ದೊಡ್ಡ ಡಿಜಿಟಲ್ ಪರದೆ. ಸ್ವಾಗತ, ಹೆಲ್ತ್ ಪ್ಯಾಕೇಜಿನ ಜಾಹೀರಾತು, ಡಾಕ್ಟರುಗಳ ಫೋಟೊ ಎಲ್ಲ ಮುಗಿದ ಮೇಲೆ ಕಟ್ಟಡದ ನಕಾಶೆ ಬಂತು. ಅದೂ ಇಂಗ್ಲಿಷಿನಲ್ಲಿ. ‘ರೇಡಿಯಾಲಜಿ’ ಹುಡುಕುವಷ್ಟರಲ್ಲಿ ಮತ್ತೆ ಸ್ವಾಗತ! ಇನ್ನೊಂದು ಸುತ್ತು ಕಾದು, ನೋಡಿಕೊಂಡು ಮೊದಲ ಮಹಡಿಗೆ ಹೋದೆವು. ಅಲ್ಲೂ ಅದೇ ವಿಡಿಯೊ, ಅದೇ ನಕಾಶೆ. ‘ಯು ಆರ್ ಹಿಯರ್’ ಎನ್ನುವ ಕೆಂಪು ಚುಕ್ಕಿ ಮಾತ್ರ ಇನ್ನೂ ಕೆಳಗಿನ ಬಾಗಿಲಲ್ಲೇ ನಿಂತಿತ್ತು. ಫೋನ್ ತೆಗೆದರೆ ಅದರ ಮ್ಯಾಪ್ ನಮ್ಮನ್ನು ರಸ್ತೆ ಮೇಲೆ ತೋರಿಸಿತು. ಸ್ಲ್ಯಾಬ್ ಕೆಳಗೆ ಜಿಪಿಎಸ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಅಲ್ವಾ?

“ಆ ಟೀವಿ ಬಿಡೋ, ಅಕೀನ್ನ ಕೇಳು” ಎಂದಳು ಅವ್ವ. ಕಸ ಹೊಡೆಯುತ್ತಿದ್ದ ಅಕ್ಕ ತಲೆ ಎತ್ತದೆ ಹೇಳಿದಳು: “ನೀರಿನ ಫಿಲ್ಟರ್ ದಾಟ್ರಿ, ಕಬ್ಬಿಣದ ಬಾಗಿಲ ಬರ್ತೈತಿ, ಅಲ್ಲೇ ಎಡಕ್ಕ ಹೊಳ್ರಿ.” ನೇರ ಎಕ್ಸ್‌ರೇ ಕೋಣೆ ಮುಂದೆ ಬಂದೆವು.

ಪರದೆಯೂ ಹೀಗೆ ಮಾತಾಡಬೇಕು. ಎಲ್ಲಿ ತೂಗುಹಾಕಿದ್ದಾರೋ ಅಲ್ಲಿಂದ ದಾರಿ ಹೇಳಬೇಕು. ನಿಂತವರು ಯಾವ ಕಡೆ ಮುಖ ಮಾಡಿರುತ್ತಾರೋ ನಕಾಶೆಯಲ್ಲೂ ಆ ಕಡೆಯೇ ಮೇಲೆ ಬರಬೇಕು. ಇಲ್ಲದಿದ್ದರೆ ಎಡ ಬಲವಾಗುತ್ತದೆ. ಕನ್ನಡ ಮೊದಲು ಬರಲಿ, ಅಕ್ಷರ ದೊಡ್ಡದಿರಲಿ ಅಂತ ಬೇರೆ ಹೇಳಬೇಕೇ!

ಹಾಗಂತ ಎಲ್ಲವನ್ನೂ ಟೀವಿಗೆ ಹಾಕುವುದೂ ಬೇಡ. ಲಿಫ್ಟು, ಶೌಚಾಲಯ, ಲ್ಯಾಬು ದಿನಾ ಜಾಗ ಬದಲಿಸುವುದಿಲ್ಲ. ಅವಕ್ಕೆ ಗೋಡೆ ಮೇಲೆ ಬಣ್ಣದ ಬಾಣ ಸಾಕು. ಕರೆಂಟ್ ಹೋದರೂ ಅದು ಇರುತ್ತದೆ. ಇವತ್ತು ಯಾವ ಡಾಕ್ಟರ್ ಯಾವ ಕೋಣೆಯಲ್ಲಿದ್ದಾರೆ, ಯಾವ ಲಿಫ್ಟ್ ಕೆಟ್ಟಿದೆ ಎಂಬುದಕ್ಕೆ ಪರದೆ ಬೇಕು. ನಾವು ಹೋದ ದಿನ ಮೂಳೆ ಡಾಕ್ಟರ ಕೋಣೆ ಬದಲಾಗಿತ್ತು. ಆ ಸುದ್ದಿ ಬಾಗಿಲಿಗೆ ಅಂಟಿಸಿದ ಅರ್ಧ ಕಿತ್ತ ಹಾಳೆಯಲ್ಲಿತ್ತು. ಪಕ್ಕದ ಟೀವಿಯಲ್ಲಿ ಹೆಲ್ತ್ ಪ್ಯಾಕೇಜ್ ಓಡುತ್ತಿತ್ತು.

ಇಂಥ ಪರದೆ ಹಾಕಿಸುವವರಲ್ಲಿ ಒಂದೇ ವಿನಂತಿ. ಬಿಲ್ ಪಾಸ್ ಮಾಡುವ ಮೊದಲು, ಆ ಕಟ್ಟಡ ನೋಡಿಯೇ ಇರದ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿ, ಯಾರನ್ನೂ ಕೇಳದೆ ಎಕ್ಸ್‌ರೇ ಕೋಣೆಗೆ ಹೋಗಲು ಹೇಳಿ ನೋಡಿ.

– ಒಬ್ಬ ಓದುಗ, ನವನಗರ, ಬಾಗಲಕೋಟೆ