4 ಇದ್ದ ಕಡೆ 8: ಕೈಹಿಡಿದವರಿಗೆ ಥ್ಯಾಂಕ್ಸ್

ಹೊಸ ಚಿಪ್‌ನ ಇಂಟರಪ್ಟ್ ಕಂಟ್ರೋಲರ್‌ಗೆ (ಟಚ್‌ಸ್ಕ್ರೀನ್‌ನಂಥ ಸಾಧನಗಳ ‘ಇತ್ತ ನೋಡು’ ಅನ್ನೋ ಕರೆಗಳನ್ನು ಪ್ರೊಸೆಸರ್‌ಗೆ ಮುಟ್ಟಿಸುವ ಭಾಗ) ನಾನು ಬರೆದ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಕೊನೆಗೂ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ಗೆ ಸೇರಿತು. ಐದನೇ ಸಲಕ್ಕೆ! ಸೇರಿಸಿದ್ದು ಇನ್ನೂರು ಸಾಲೂ ಇಲ್ಲ. ಅದರಲ್ಲೂ ನನ್ನದು ಅಂತ ಹೇಳಿಕೊಳ್ಳುವಂಥದ್ದು ಅರ್ಧ ಇದ್ದರೆ ಹೆಚ್ಚು.

ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಹಳೇ ಚಿಪ್‌ನ ಡ್ರೈವರ್ ಇದ್ದೇ ಇದೆ, ಅದು ಯಾವ ಚಿಪ್‌ಗಳಿಗೆ ಹೊಂದುತ್ತೆ ಅನ್ನೋ ಕಂಪ್ಯಾಟಿಬಲ್ ಪಟ್ಟಿಗೆ ಹೊಸ ಹೆಸರು ಹಾಕಿದರೆ ಮುಗೀತು ಅಲ್ವಾ? ಮುಗಿಯಲಿಲ್ಲ. ಹಳೆಯದರಲ್ಲಿ ಕರೆ ಬರುವ 32 ಲೈನ್, ಹೊಸದರಲ್ಲಿ 64. ಹಳೆಯದಕ್ಕೆ ಲೈನ್‌ಗಳನ್ನು ಆನ್-ಆಫ್ ಮಾಡೋಕೆ ಒಂದೇ ಎನೇಬಲ್ ರಿಜಿಸ್ಟರ್ (ಚಿಪ್ ಒಳಗಿನ ಸ್ವಿಚ್‌ಗಳ ಸಾಲು ಅನ್ನಿ). ಹೊಸದರಲ್ಲಿ ಆನ್ ಮಾಡೋಕೆ ಒಂದು, ಆಫ್ ಮಾಡೋಕೆ ಇನ್ನೊಂದು. ನಾನು ಸುಮ್ನೆ ಸಿಕ್ಕಸಿಕ್ಕ ಕಡೆ ‘ಈ ಚಿಪ್ ಆದರೆ ಹೀಗೆ’ ಅನ್ನೋ ಇಫ್ ತುರುಕಿ ಕಳಿಸಿದೆ.

ರಿವ್ಯೂ ಮಾಡಿದ ಹಿರಿಯರು ಕೇಳಿದ್ದು ಒಂದೇ ಮಾತು: “ಮೂರನೇ ಚಿಪ್ ಬಂದಾಗ ಏನು ಮಾಡ್ತೀರಿ?” ಎರಡು ದಿನ ಸಿಟ್ಟು ಇಳಿಯಲಿಲ್ಲ. ಆಮೇಲೆ ರಿಜಿಸ್ಟರ್ ಆಫ್‌ಸೆಟ್ (ಅದು ಇರುವ ಜಾಗ), ಲೈನ್ ಎಣಿಕೆ, ಮಾಸ್ಕ್ ಮಾಡುವ (ಲೈನ್ ಮುಚ್ಚುವ) ಫಂಕ್ಷನ್ ಎಲ್ಲವನ್ನೂ ಚಿಪ್‌ಗೊಂದು ಸ್ಟ್ರಕ್ಟ್‌ನಲ್ಲಿ, ಅಂದರೆ ಮಾಹಿತಿಯ ಕಟ್ಟಿನಲ್ಲಿ, ಇಟ್ಟೆ. ಇಫ್‌ಗಳು ತಾವಾಗೇ ಉದುರಿದವು. ಸರ್, ನಿಮಗೆ ದೊಡ್ಡ ನಮಸ್ಕಾರ. ಆ ಸಿಟ್ಟು ನಿಮಗೆ ಗೊತ್ತಾಗಿರಲಿಕ್ಕಿಲ್ಲ, ಈಗ ಗೊತ್ತಾಯ್ತು.

ಜಾಸ್ತಿ ಋಣ ಇರುವುದು ಹೊಸ ಚಿಪ್ ಇರುವ ಬೋರ್ಡ್ ಮೇಲೆ ಟೆಸ್ಟ್ ಮಾಡಿಕೊಟ್ಟ ಗೆಳತಿಗೆ. ಮೂರನೇ ಸುತ್ತಿನಲ್ಲಿ ಬೂಟ್ ಏನೋ ಆಯಿತು, ಟಚ್‌ಸ್ಕ್ರೀನ್ ಮಾತ್ರ ಅಲ್ಲಾಡಲಿಲ್ಲ. ಕನ್ಸೋಲ್‌ನಲ್ಲಿ ‘ನೋಬಡಿ ಕೇರ್ಡ್’ ಅನ್ನೋ ಸಾಲು. ಒಂದು ಲೈನ್‌ನಲ್ಲಿ ಬಂದ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾವ ಡ್ರೈವರೂ ‘ಇದು ನಂದು’ ಅನ್ನದಿದ್ದರೆ ಕರ್ನೆಲ್ ಆ ಲೈನನ್ನೇ ಮುಚ್ಚಿಬಿಡುತ್ತದೆ. ನಾನು ಆ್ಯಕ್ ಮಾಡುವ (ಕರೆ ತಲುಪಿತು ಅಂತ ತಿಳಿಸುವ) ಕೋಡ್ ಮೇಲೆ ಅನುಮಾನ ಪಟ್ಟು ಒಂದು ವಾರ ಹಾಳು ಮಾಡಿದೆ. ಅವಳು ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪ್ರೋಬನ್ನು ಟಚ್‌ನ ಇಂಟರಪ್ಟ್ ಪಿನ್ನಿಗೆ ಹಿಡಿದು ಒಂದು ಫೋಟೋ ಕಳಿಸಿದಳು. ಯಾರೂ ಮುಟ್ಟದಿದ್ದಾಗ ಗೆರೆ ಮೇಲಿದೆ, ಬೆರಳಿಟ್ಟಾಗ ಕೆಳಗಿಳಿಯುತ್ತದೆ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನಲ್ಲಿ ಏನೇನು ಎಲ್ಲಿದೆ ಅಂತ ಕರ್ನೆಲ್‌ಗೆ ಹೇಳುವ ಫೈಲ್) ನಾನು ಬರೆದಿದ್ದು 4, ಅಂದರೆ ಲೆವೆಲ್ ಹೈ, ಗೆರೆ ಮೇಲಿದ್ದರೆ ಕರೆ ಅಂತ. ಬೇಕಿದ್ದದ್ದು 8, ಲೆವೆಲ್ ಲೋ, ಗೆರೆ ಕೆಳಗಿದ್ದರೆ ಕರೆ ಅಂತ. ಕೈ ತಾಗದೇ ಇದ್ದಾಗಲೂ ಕಂಟ್ರೋಲರ್ ‘ಯಾರೋ ಕರೀತಿದ್ದಾರೆ’ ಅಂತ ಬಡಿದುಕೊಳ್ಳುತ್ತಿತ್ತು, ಪಾಪ.

8 ಹಾಕಿದೆ. ಆಗಲೂ ಸರಿಹೋಗಲಿಲ್ಲ! ಟಚ್ ಇದ್ದದ್ದು 41ನೇ ಲೈನ್‌ನಲ್ಲಿ. ಹೈನೋ ಲೋನೋ ಅಂತ ಹೇಳುವ ಅದರ ಪೊಲಾರಿಟಿ ಬಿಟ್, ಒಂದು ರಿಜಿಸ್ಟರ್‌ಗೆ 32 ಲೈನ್ ಲೆಕ್ಕದಲ್ಲಿ, ಎರಡನೇ ರಿಜಿಸ್ಟರ್‌ನ 9ನೇ ಜಾಗಕ್ಕೆ ಹೋಗಬೇಕು (41ರಲ್ಲಿ 32 ಕಳೆದರೆ 9). ನನ್ನ ಕೋಡ್ ಮೊದಲ ರಿಜಿಸ್ಟರ್‌ಗೇ ಬರೆಯುತ್ತಿತ್ತು. ಏನೂ ತಪ್ಪು ಮಾಡದ 9ನೇ ಲೈನ್ ತಲೆಕೆಳಗಾಗುತ್ತಿತ್ತು. ಇದನ್ನು ಹಿಡಿದದ್ದೂ ಅವಳೇ, ರಾತ್ರಿ ಒಂದೂವರೆಗೆ.

ಡಿವೈಸ್ ಟ್ರೀಯಲ್ಲಿ ಏನೇನು ಬರೆಯಬೇಕು ಅಂತ ಹೇಳುವ ಬೈಂಡಿಂಗ್ ಫೈಲ್‌ನಲ್ಲಿ ನನ್ನ ಸ್ಪೇಸ್‌ಗಳನ್ನು ತಾಳ್ಮೆಯಿಂದ ತಿದ್ದಿದವರಿಗೂ ಥ್ಯಾಂಕ್ಸ್.

ಸಿಸ್ಟಮ್ಮನ್ನು ನಿದ್ದೆಯಿಂದ ಎಬ್ಬಿಸುವ ವೇಕ್ ಬಿಟ್‌ಗಳ ಕೆಲಸ ಇನ್ನೂ ಬಾಕಿ ಇದೆ. ಬೋರ್ಡನ್ನು ಈಗಲೇ ಡಬ್ಬಕ್ಕೆ ಹಾಕಬೇಡ ಮಾರಾಯ್ತಿ.